ಕಡಲನ್ನೇ ನೋಡುತ್ತಾ ನಿಂತವರ ಕೆಲಸ ಏನು?

ಕಾಸರಗೋಡು ಜಿಲ್ಲೆಯ ಬೇಕಲದ ಬೀಚಿಗೆ ಭಾನುವಾರ ಸಂಜೆ ಹೋದವರು ಅಲ್ಲಿನ ಲೈಫ್‌ಗಾರ್ಡ್‌ಗಳನ್ನು ನೋಡಿಯೇ ಇರುತ್ತೀರಿ. ಕುತ್ತಿಗೆಯಲ್ಲಿ ವಿಷಲ್, ಕೈಯಲ್ಲಿ ಉದ್ದನೆಯ ಕೆಂಪು ಟ್ಯೂಬ್, ತಲೆಗೊಂದು ಟೊಪ್ಪಿ. ಮರಳಿನಲ್ಲಿ ನಾಲ್ಕು ಹೆಜ್ಜೆ ಆಚೆ ಹೋಗುತ್ತಾರೆ, ನಾಲ್ಕು ಹೆಜ್ಜೆ ಈಚೆ ಬರುತ್ತಾರೆ. ನೋಡಿದವರಿಗೆ ಇವರು ಸುಮ್ನೆ ನಿಂತಿದ್ದಾರೆ ಅನ್ನಿಸುತ್ತದೆ. ಯಾರಾದರೂ ಮುಳುಗಿದರೆ ಹಾರಿ ಎಳೆದು ತರುವವರು, ಅಲ್ಲಿಯ ತನಕ ಅವರಿಗೆ ಕೆಲಸವಿಲ್ಲ ಅಂತಲೇ ನಾನೂ ತಿಳಿದುಕೊಂಡಿದ್ದೆ.

ಒಂದು ಡಿಸೆಂಬರ್‌ನಲ್ಲಿ ಅಂಥ ಒಬ್ಬರ ಪಕ್ಕ ಅರ್ಧ ಗಂಟೆ ನಿಂತೆ. "ಇಷ್ಟು ಜನರಲ್ಲಿ ನೀವು ಯಾರನ್ನು ಅಂತ ನೋಡ್ತೀರಿ?" ಅಂತ ಕೇಳಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಕಡಲನ್ನು ನೋಡುತ್ತಲೇ ಹೇಳಿದರು: "ಜೀನ್ಸ್ ಹಾಕಿದವರನ್ನು ಅಕ್ಕ. ಅಗೋ, ಆ ಟೂರಿಸ್ಟ್ ಬಸ್ಸಿಂದ ಇಳಿದವರು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬರ್ತಿದ್ದಾರೆ ನೋಡಿ. ಈಗ ಪಾದ ಒದ್ದೆ ಮಾಡ್ತೇವೆ ಅಂತಾರೆ. ಐದು ನಿಮಿಷದಲ್ಲಿ ಮೊಣಕಾಲು ತನಕ, ಹತ್ತು ನಿಮಿಷದಲ್ಲಿ ಸೊಂಟದ ತನಕ."

ಹಾಗೆಯೇ ಆಯಿತು. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರು, ಮಗುವಿನ ಕೈ ಬಿಟ್ಟು ಫೋನ್ ತೆಗೆದ ಅಪ್ಪ, ಒಬ್ಬರನ್ನೊಬ್ಬರು ದೂಡಿಕೊಂಡು ಆಡುವ ಹುಡುಗರು, ಎಲ್ಲರನ್ನೂ ಅವರು ಮೊದಲೇ ಗುರುತಿಸಿ ಇಟ್ಟಿದ್ದರು. ಆ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ವಿಷಲ್ ಊದಿದರು. ಒಂದು ಸಲವೂ ಅವರ ಮೊಣಕಾಲು ಒದ್ದೆಯಾಗಲಿಲ್ಲ. ಆ ಹನ್ನೊಂದು ವಿಷಲ್‌ಗಳೇ ಆ ದಿನದ ಅವರ ಕೆಲಸ. ಅದರಲ್ಲಿ ಎಷ್ಟು ಜೀವ ಉಳಿಯಿತು ಅಂತ ಯಾರೂ ಬರೆದಿಡುವುದಿಲ್ಲ, ಯಾಕೆಂದರೆ ಏನೂ ಆಗಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲೇ ವರ್ಷಕ್ಕೆ 30 ಸಾವಿರಕ್ಕಿಂತ ಜಾಸ್ತಿ. ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನ ಅಂತ ಆಚರಿಸುತ್ತಿದೆ. ನಮ್ಮ ಕಡೆ ಆ ದಿನ ಹೊಳೆ, ಕೆರೆ, ಕಡಲು ಎಲ್ಲವೂ ತುಂಬಿ ನಿಂತಿರುತ್ತವೆ.

ನೀರಿನ ಸೆಳೆತ ಎಲ್ಲಿಂದ ಬರುತ್ತದೆ

ಲೈಫ್‌ಗಾರ್ಡ್ ಕಡಲಿನಲ್ಲಿ ನೋಡುವುದು ಮನುಷ್ಯರನ್ನು ಮಾತ್ರ ಅಲ್ಲ. ನೀರನ್ನೂ ಓದಬೇಕು. ಬೀಚಿನಲ್ಲಿ ಜನ ಸಾಯುವುದಕ್ಕೆ ದೊಡ್ಡ ಕಾರಣ ಎತ್ತರದ ತೆರೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾದ ಕಾರಣ ಹೆಚ್ಚಾಗಿ ತೆರೆ ಇಲ್ಲದ ಜಾಗದಲ್ಲಿ ಇರುತ್ತದೆ.

ತೆರೆಗಳು ಒಂದರ ಹಿಂದೆ ಒಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ವಾಪಸು ಹೋಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನಡಿ, ಮರಳಿನ ದಿಬ್ಬ ಒಂದು ಉದ್ದಕ್ಕೆ ಮಲಗಿರುತ್ತದೆ. ವಾಪಸು ಹೋಗುವ ನೀರಿಗೆ ಅದು ಅಡ್ಡ. ದಿಬ್ಬ ಎಲ್ಲಿ ತಗ್ಗಾಗಿದೆಯೋ, ಎಲ್ಲಿ ಕಡಿದುಹೋಗಿದೆಯೋ ಅಲ್ಲಿಂದ ಅಷ್ಟೂ ನೀರು ನುಗ್ಗುತ್ತದೆ. ಗದ್ದೆಯ ಹುಣಿ ಒಂದು ಕಡೆ ಒಡೆದರೆ ಇಡೀ ಗದ್ದೆಯ ನೀರು ಆ ಗಂಡಿಯಲ್ಲೇ ಹರಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಿನೊಳಗೂ ಅದೇ ಗಂಡಿ, ಅದೇ ಸೆಳೆತ.

ಆ ಗಂಡಿಯಲ್ಲಿ ನೀರು ಆಳ. ಆಳ ಇರುವ ಕಡೆ ತೆರೆ ಒಡೆಯುವುದಿಲ್ಲ. ಎರಡು ಬದಿಯಲ್ಲೂ ನೊರೆ ನೊರೆಯಾಗಿ ತೆರೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಕಡು ಬಣ್ಣದಲ್ಲಿ, ನುಣ್ಣಗೆ, ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಅದನ್ನೇ ಆರಿಸುತ್ತಾರೆ. "ಇಲ್ಲಿ ತೆರೆ ಇಲ್ಲ, ಇಲ್ಲೇ ಇಳಿಯುವ" ಅನ್ನುತ್ತಾರೆ. ಲೈಫ್‌ಗಾರ್ಡ್ ಓಡಿ ಬಂದು ಬೈಯುವುದು ಆಗಲೇ. ಅವರಿಗೆ ಸಿಟ್ಟು ಯಾಕೆ ಅಂತ ನಮಗೆ ಅರ್ಥವಾಗುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬೀಚಿಗೆ ಇಳಿಯುವ ಮೊದಲು ಬೇಕಲ ಕೋಟೆ ಹತ್ತಿ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ ಅದು. ಅಷ್ಟು ಎತ್ತರದಿಂದ ಕೆಳಗೆ ನೋಡಿದರೆ ದಡದಲ್ಲಿ ನಿಂತವರಿಗೆ ಕಾಣದ್ದು ಕಾಣುತ್ತದೆ. ಬಿಳಿ ನೊರೆಯ ಸಾಲು, ಅದರ ನಡುವೆ ಅಲ್ಲಲ್ಲಿ ಕಡು ಪಟ್ಟಿ, ಕೆಲವೊಮ್ಮೆ ಅದರಲ್ಲಿ ಕಲಕಿದ ಮರಳು ಮತ್ತು ನೊರೆ ಒಳಕಡಲಿನ ಕಡೆಗೆ ಹೋಗುತ್ತಿರುವುದು. ಹತ್ತು ನಿಮಿಷ ನಿಂತು ನೋಡಿ. ಆಮೇಲೆ ಕೆಳಗಿಳಿದು ಎಲ್ಲಿ ಕಾಲಿಡಬಾರದು ಅಂತ ನಿಮಗೇ ಗೊತ್ತಾಗುತ್ತದೆ.

ಸಾಧಾರಣ ಸೆಳೆತ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು ಇರುತ್ತದೆ. ಜೋರಾದಾಗ 2 ಮೀಟರ್ ದಾಟುತ್ತದೆ. ಒಲಿಂಪಿಕ್ಸ್‌ನ ಅತಿ ವೇಗದ ಈಜುಗಾರರು 50 ಮೀಟರ್ ದೂರವನ್ನು 21 ಸೆಕೆಂಡಿನ ಹತ್ತಿರ ಮುಗಿಸುತ್ತಾರೆ, ಅಂದರೆ ಸೆಕೆಂಡಿಗೆ 2.4 ಮೀಟರಿನಷ್ಟು. ಅವರೇ ಎದುರು ಈಜಿದರೂ ಕಷ್ಟ. ಊರ ಕೆರೆಯಲ್ಲಿ ಈಜು ಕಲಿತವರು ದಡದ ಕಡೆಗೆ ನೇರ ಈಜಿದರೆ ಎರಡು ನಿಮಿಷದಲ್ಲಿ ಕೈಕಾಲು ಸೋಲುತ್ತದೆ. ಸಾವು ಬರುವುದು ಆ ಸುಸ್ತಿನಿಂದ.

ಒಂದು ಸಮಾಧಾನವೂ ಇದೆ. ಸೆಳೆತ ಮನುಷ್ಯನನ್ನು ಒಳಗೆ ಎಳೆಯುತ್ತದೆಯೇ ಹೊರತು ಅಡಿಗೆ ಎಳೆಯುವುದಿಲ್ಲ. ಪಟ್ಟಿ ಅಗಲವೂ ಜಾಸ್ತಿ ಇರುವುದಿಲ್ಲ, ದಿಬ್ಬ ದಾಟಿದ ಮೇಲೆ ಅದರ ಬಲವೂ ಕುಗ್ಗುತ್ತದೆ. ಹಾಗಾಗಿ ಸಿಕ್ಕಿಬಿದ್ದರೆ ಅದರ ಎದುರು ಜಗಳಕ್ಕೆ ಹೋಗಬೇಡಿ. ಅಂಗಾತ ತೇಲಿ, ಒಂದು ಕೈ ಎತ್ತಿ ಬೀಸಿ. ಈಜಲು ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ತೆಂಕಕ್ಕೋ ಬಡಗಕ್ಕೋ ಈಜಿ. ನೊರೆ ಕಾಣುವ ಕಡೆ ಬಂದ ಮೇಲೆ ತೆರೆಯ ಜೊತೆಗೇ ದಡಕ್ಕೆ ಬನ್ನಿ.

ನಮ್ಮ ಕರಾವಳಿಗೆ ಇನ್ನೂ ಎರಡು ಸಂಗತಿ ಸೇರುತ್ತವೆ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೀಗೆ ಹೆಜ್ಜೆ ಹೆಜ್ಜೆಗೂ ಒಂದು ಹೊಳೆ ಕಡಲು ಸೇರುತ್ತದೆ. ಆ ಅಳಿವೆಗಳ ಹತ್ತಿರ ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಮೇಲಿನಿಂದ ಎಷ್ಟು ಚಂದ ಕಂಡರೂ ಅಳಿವೆಯಲ್ಲಿ ಈಜಲು ಇಳಿಯಬಾರದು. ಎರಡನೆಯದು, ಮಳೆಗಾಲದ ತೆರೆಗಳು ದಡದ ಮರಳನ್ನು ಕೊರೆದು ಒಳಗೆ ಒಯ್ಯುತ್ತವೆ, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ವಾಪಸು ತಂದು ಹಾಕುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಡಲು ಮೇಲಿನಿಂದ ಶಾಂತವಾಗಿದ್ದರೂ ಅಡಿಯ ಮರಳು ಇನ್ನೂ ಹಾಸಿ ಮುಗಿದಿರುವುದಿಲ್ಲ. ಕಳೆದ ವರ್ಷ ಮೊಣಕಾಲು ನೀರಿದ್ದ ಜಾಗದಲ್ಲಿ ಈ ವರ್ಷ ಕುತ್ತಿಗೆ ತನಕ ಇರಬಹುದು.

ಇನ್ನು ಕಳ್ಳಕ್ಕಡಲ್. ಮಲಯಾಳದ ಮೀನುಗಾರರ ಮಾತು, ಕನ್ನಡದವರಿಗೂ ಅರ್ಥ ಕೇಳಬೇಕಾಗಿಲ್ಲ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಕಡಲು ದಿಢೀರನೆ ಉಕ್ಕಿ ದಡ ಏರುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ದಿನಗಟ್ಟಲೆ ಹರಿದು ಬಂದು ನಮ್ಮ ದಡಕ್ಕೆ ಬಡಿಯುವುದು ಇದು. ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ. ಅಂದರೆ ಶಾಲೆಗೆ ರಜೆ ಸಿಕ್ಕಿ ಮಕ್ಕಳೆಲ್ಲ ಬೀಚಿಗೆ ಹೋಗುವ ಹೊತ್ತು. 2012ರಲ್ಲಿ ಯುನೆಸ್ಕೊ ಈ ಪದವನ್ನೇ ವಿಜ್ಞಾನದ ಬಳಕೆಗೆ ಒಪ್ಪಿಕೊಂಡಿತು. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್, ಇದರ ಮುನ್ಸೂಚನೆ ಕೊಡುತ್ತದೆ. ಲೈಫ್‌ಗಾರ್ಡ್ ಆ ದಿನ ಎಲ್ಲರನ್ನೂ ಮೇಲೆ ಕಳಿಸಿದರೆ "ಕಡಲು ಇಷ್ಟು ಶಾಂತ ಇದೆಯಲ್ಲ" ಅಂತ ವಾದ ಮಾಡಬೇಡಿ.

ಬಾವುಟದ ಬಗ್ಗೆ ಒಂದು ಮಾತು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟ ನೆಟ್ಟಿದ್ದರೆ ಅಲ್ಲಿ ಲೈಫ್‌ಗಾರ್ಡ್ ನೋಡುತ್ತಿದ್ದಾರೆ, ಅಂಥ ಎರಡು ಬಾವುಟಗಳ ನಡುವೆಯೇ ನೀರಿಗಿಳಿಯಿರಿ ಅಂತ ಅರ್ಥ. ನಮ್ಮ ಕನ್ನಡ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಅದನ್ನು ತಿರುಗಿಸಿದ ಹಾಗೆ ಅಂತ ನೆನಪಿಟ್ಟುಕೊಳ್ಳಬಹುದು. ಹಳದಿ ಒಂದೇ ಇದ್ದರೆ ಜಾಗ್ರತೆ. ಕೆಂಪು ಒಂದೇ ಇದ್ದರೆ ಇಳಿಯಬೇಡಿ.

ಮುಳುಗುವವರು ಕೂಗುವುದಿಲ್ಲ

ನಾನು ಹನ್ನೆರಡು ವರ್ಷದವಳಿರುವಾಗ ಬದಿಯಡ್ಕದ ಹತ್ತಿರದ ಅಜ್ಜನ ಮನೆಯಲ್ಲಿ ಪೂಜೆ ಇತ್ತು. ಊಟ ಆದ ಮೇಲೆ ನಾವು ನಾಲ್ಕು ಮಕ್ಕಳು ತೋಟದ ಕೆರೆಗೆ ಹೋದೆವು. ಈಜು ಬಾರದವರಿಗೆ ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಎಬ್ಬಿಸಿ ಜೋಡಿ ಕಟ್ಟಿದ್ದು ಒಂದಿತ್ತು. ಅದನ್ನು ಎದೆಯಡಿ ಇಟ್ಟುಕೊಂಡೇ ನಾವೆಲ್ಲ ಕಲಿತದ್ದು. ಆ ದಿನ ಕಾಯಿ ನನ್ನ ಹತ್ತಿರ ಇತ್ತು. ಚಿಕ್ಕಮ್ಮನ ಮಗನಿಗೆ ಏಳು ವರ್ಷ. ಮೆಟ್ಟಿಲಿನ ಮೇಲೆ ನಿಂತಿದ್ದ, ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟ. ಮೆಟ್ಟಿಲು ಇರಲಿಲ್ಲ.

ಅವನು ನನ್ನಿಂದ ಎರಡು ಮಾರು ದೂರದಲ್ಲಿದ್ದ. ನಾನು ನೋಡಿದೆ. ತಲೆ ಹಿಂದಕ್ಕೆ ವಾಲಿತ್ತು, ಕೂದಲು ಕಣ್ಣಿನ ಮೇಲೆ ಅಂಟಿತ್ತು, ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ಆಕಾಶ ನೋಡುತ್ತಿದ್ದಾನೆ ಅಂದುಕೊಂಡೆ. ಅವನು ಒಂದು ಶಬ್ದವನ್ನೂ ಮಾಡಲಿಲ್ಲ. ಪಂಪ್‌ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಸೋದರಮಾವ ಮಾತ್ರ ಏನನ್ನೋ ಕಂಡು ಅಲ್ಲೇ ಒರಗಿಸಿಟ್ಟಿದ್ದ ಅಡಿಕೆ ಕೊಯ್ಯುವ ದೋಟಿಯನ್ನು ತಂದರು. ಕತ್ತಿ ಇಲ್ಲದ ತುದಿಯನ್ನು ಅವನ ಕೈಗೆ ತಾಗಿಸಿದರು. ಅವನು ಹಿಡಿದುಕೊಂಡ. ಮೆಟ್ಟಿಲಿಗೆ ಬಂದು ವಾಂತಿ ಮಾಡಿ, ಕೆಮ್ಮಿ, ಆಮೇಲೆ ಅತ್ತ. ಅತ್ತ ಮೇಲೆಯೇ ಉಳಿದವರಿಗೆ ಏನಾಯಿತು ಅಂತ ಗೊತ್ತಾದದ್ದು.

ನಾನು ಅಷ್ಟು ಹತ್ತಿರ ಇದ್ದೂ ಯಾಕೆ ಗೊತ್ತಾಗಲಿಲ್ಲ ಅಂತ ವರ್ಷಗಟ್ಟಲೆ ಕೊರಗಿದ್ದೆ. ಉತ್ತರ ಸಿಕ್ಕಿದ್ದು ಫ್ರ್ಯಾಂಕ್ ಪಿಯಾ ಅನ್ನುವವರ ಕೆಲಸದ ಬಗ್ಗೆ ಓದಿದಾಗ. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಅವರು, ನಿಜವಾಗಿ ಮುಳುಗುತ್ತಿದ್ದವರನ್ನೂ ಅವರನ್ನು ಉಳಿಸುವುದನ್ನೂ ಚಿತ್ರೀಕರಿಸಿ, ಅದನ್ನು ಮತ್ತೆ ಮತ್ತೆ ನೋಡಿ, ಮುಳುಗುವಾಗ ಶರೀರ ತಾನಾಗಿ ಏನು ಮಾಡುತ್ತದೆ ಎಂದು ವಿವರಿಸಿದರು.

ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ "ಕಾಪಾಡಿ" ಅಂತ ಕೂಗುತ್ತಾರೆ. ಕೂಗಲು ಉಸಿರು ಬೇಕು. ಮುಳುಗುವವರ ಬಾಯಿ ಒಂದು ಕ್ಷಣ ನೀರಿನ ಮೇಲೆ ಬಂದರೆ ಆ ಕ್ಷಣದಲ್ಲಿ ಉಸಿರು ಬಿಟ್ಟು ಎಳೆದುಕೊಳ್ಳುವುದಕ್ಕೇ ಸಮಯ ಸಾಲದು. ಇನ್ನು ಮಾತು ಎಲ್ಲಿಂದ? ಕೈಗಳು ಎರಡೂ ಬದಿಗೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬಾಯಿಯನ್ನು ಮೇಲೆ ತರಲು. ಅದು ಶರೀರ ತಾನಾಗಿ ಮಾಡುವ ಕೆಲಸ, ಹಾಗಾಗಿ ಕೈ ಎತ್ತಿ ಬೀಸುವುದು ಅವರ ಕೈಯಲ್ಲಿ ಇರುವುದಿಲ್ಲ. ಶರೀರ ನೆಟ್ಟಗೆ ನಿಂತ ಹಾಗಿರುತ್ತದೆ, ಕಾಲು ಬಡಿಯುವುದಿಲ್ಲ. ಹೀಗೆ 20ರಿಂದ 60 ಸೆಕೆಂಡು ಮಾತ್ರ. ಆಮೇಲೆ ಅಡಿಗೆ.

ಕೂಗುವವರು, ಕೈ ಬೀಸುವವರು ಕೂಡ ಕಷ್ಟದಲ್ಲಿದ್ದಾರೆ ನಿಜ. ಆದರೆ ಅವರಿಗೆ ಇನ್ನೂ ಸ್ವಲ್ಪ ಶಕ್ತಿ ಉಳಿದಿದೆ, ಎಸೆದ ಹಗ್ಗವನ್ನು ಹಿಡಿಯಬಲ್ಲರು. ಸದ್ದಿಲ್ಲದವರಿಗೆ ಅದೂ ಇಲ್ಲ. ನೀರಿನಲ್ಲಿ ಆಡುವ ಮಕ್ಕಳು ಗಲಾಟೆ ಮಾಡುತ್ತಿರುತ್ತಾರೆ. ಗಲಾಟೆ ನಿಂತರೆ ತಕ್ಷಣ ತಿರುಗಿ ನೋಡಿ. ಸಂಶಯ ಬಂದರೆ "ಸರಿ ಇದ್ದೀಯಾ?" ಅಂತ ಕೇಳಿ. ಉತ್ತರ ಬರದಿದ್ದರೆ ಕಾಯಬೇಡಿ.

ನೋಡುವುದೇ ಒಂದು ವಿದ್ಯೆ

20 ಸೆಕೆಂಡಿನಲ್ಲಿ ಮುಗಿದುಹೋಗಬಹುದಾದ ಸಂಗತಿಯನ್ನು ಹಿಡಿಯಬೇಕಾದರೆ ಕಣ್ಣು ಹೇಗೆ ಓಡಬೇಕು? ಈಜುಕೊಳದ ಲೈಫ್‌ಗಾರ್ಡ್‌ಗಳಿಗೆ ಕಲಿಸುವ ಒಂದು ಪ್ರಸಿದ್ಧ ಲೆಕ್ಕ ಇದೆ. ತನ್ನ ಪಾಲಿಗೆ ಬಂದ ನೀರಿನ ಪೂರ್ತಿ ಜಾಗವನ್ನು, ಅಡಿಯನ್ನೂ ಸೇರಿಸಿ, 10 ಸೆಕೆಂಡಿಗೊಮ್ಮೆ ನೋಡಿ ಮುಗಿಸಬೇಕು. ಕಷ್ಟ ಕಂಡರೆ 20 ಸೆಕೆಂಡಿನೊಳಗೆ ಅಲ್ಲಿಗೆ ತಲುಪಬೇಕು. ಕೇಳಲು ಸುಲಭ. ಮನೆಯ ಜಗಲಿಯಲ್ಲಿ ಕೂತು ಅಂಗಳವನ್ನು 10 ಸೆಕೆಂಡಿಗೊಮ್ಮೆ ಮೂಲೆಯಿಂದ ಮೂಲೆಗೆ ನೋಡುತ್ತಾ ಅರ್ಧ ಗಂಟೆ ಕಳೆಯಿರಿ. ಹತ್ತು ನಿಮಿಷದ ಮೇಲೆ ಕಣ್ಣು ನೋಡುತ್ತದೆ, ಮನಸ್ಸು ನೋಡುವುದಿಲ್ಲ.

ಅದಕ್ಕೇ ಒಳ್ಳೆಯ ಈಜುಕೊಳಗಳಲ್ಲಿ ಲೈಫ್‌ಗಾರ್ಡ್ ಅರ್ಧ ಗಂಟೆಗೊಮ್ಮೆ ಜಾಗ ಬದಲಿಸುತ್ತಾರೆ, ನಡುನಡುವೆ ಬಿಡುವು ತೆಗೆದುಕೊಳ್ಳುತ್ತಾರೆ. ಇಡೀ ದಿನ ಒಬ್ಬರನ್ನೇ ಬಿಸಿಲಿಗೆ ನಿಲ್ಲಿಸಿ ಹಣ ಉಳಿಸಿದೆವು ಅಂದುಕೊಂಡರೆ ಅಲ್ಲಿ ಲೈಫ್‌ಗಾರ್ಡ್ ಇದ್ದೂ ಇಲ್ಲದ ಹಾಗೆ. ನನ್ನ ಜೊತೆ ಮಾತಾಡುತ್ತಾ ಅವರು ಯಾಕೆ ತಿರುಗಲಿಲ್ಲ ಅಂತಲೂ ಈಗ ಅರ್ಥವಾಗುತ್ತದೆ. ಈಗ ನಾನಾದರೆ ಆ ಪ್ರಶ್ನೆಯನ್ನು ಕೇಳುವುದಕ್ಕೆ ಅವರ ಬಿಡುವಿನ ಹೊತ್ತನ್ನು ಕಾಯುತ್ತಿದ್ದೆ.

ಪಡುಗಡಲಿನ ಲೈಫ್‌ಗಾರ್ಡ್‌ಗಳಿಗೆ ಇನ್ನೊಂದು ಕಷ್ಟ ಇದೆ. ಇಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಿ. ಸೂರ್ಯಾಸ್ತ ನೋಡಲೆಂದೇ ಜನ ಬರುವುದು. ಸಂಜೆ ಐದೂವರೆಯಿಂದ ಆರೂವರೆಯ ತನಕ ಬೀಚ್ ತುಂಬಿ ತುಳುಕುವಾಗಲೇ ಬಿಸಿಲು ನೇರ ಅವರ ಕಣ್ಣಿಗೆ ಹೊಡೆಯುತ್ತದೆ. ನೀರು ಬೆಳ್ಳಿ ತಗಡಿನ ಹಾಗೆ ಹೊಳೆಯುತ್ತದೆ, ತಲೆಗಳೆಲ್ಲ ಕಪ್ಪು ಚುಕ್ಕಿಗಳಾಗುತ್ತವೆ. ಯಾವ ಚುಕ್ಕಿ ಆಡುತ್ತಿದೆ, ಯಾವುದು ಮುಳುಗುತ್ತಿದೆ? ನೀರಿನ ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕ ಅವರಿಗೆ ಶೋಕಿ ಅಲ್ಲ. ಕುಟುಂಬದವರನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಇಷ್ಟೇ: ನೀರಿಗೆ ಇಳಿಯುವುದಾದರೆ ನಾಲ್ಕು ಗಂಟೆಗೆ ಇಳಿದು ಐದಕ್ಕೆ ಹತ್ತಿ. ಸೂರ್ಯಾಸ್ತವನ್ನು ಮರಳಿನಲ್ಲಿ ಕೂತು ನೋಡಿ.

ದೋಟಿ, ಹಗ್ಗ, ಕ್ಯಾನ್

ನಮ್ಮ ಕಡೆ ಕೆರೆ, ಹೊಳೆಯ ಸುದ್ದಿಗಳಲ್ಲಿ ಒಂದೇ ರೀತಿಯ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಒಬ್ಬ ಮುಳುಗಿದ, ಅವನನ್ನು ಉಳಿಸಲು ಹೋದ ಇನ್ನೊಬ್ಬನೂ ಮುಳುಗಿದ. ಪ್ರೀತಿಯಿಂದಲೇ ಹಾರಿದವರು ಅವರು. ಹಾಗಾಗಿ ಲೈಫ್‌ಗಾರ್ಡ್ ತರಬೇತಿಯ ಕ್ರಮವನ್ನು ಎಲ್ಲರೂ ತಿಳಿದಿರಬೇಕು ಅಂತ ನನ್ನ ಆಸೆ. ಮೊದಲು, ದಡದಿಂದಲೇ ಏನಾದರೂ ಚಾಚಿ. ಚಾಚಿದ್ದು ಎಟುಕದಿದ್ದರೆ ತೇಲುವುದನ್ನು ಎಸೆಯಿರಿ. ಅದೂ ಆಗದಿದ್ದರೆ ದೋಣಿಯಲ್ಲಿ ಹೋಗಿ. ಈಜಿಕೊಂಡು ಹೋಗುವುದು ಕಟ್ಟಕಡೆಗೆ, ಅದೂ ತರಬೇತಿ ಇದ್ದವರು, ಕೈಯಲ್ಲಿ ತೇಲುವ ಸಾಮಾನು ಹಿಡಿದುಕೊಂಡು.

ಮುಳುಗುವ ಮನುಷ್ಯನಿಗೆ ಆ ಕ್ಷಣದಲ್ಲಿ ಎದುರಿಗೆ ಬಂದವರು ಅಣ್ಣನೋ ಗೆಳೆಯನೋ ತಿಳಿಯುವುದಿಲ್ಲ. ಹತ್ತಿ ನಿಲ್ಲಲು ಸಿಕ್ಕಿದ ಒಂದು ಆಧಾರ ಅಷ್ಟೇ. ತಲೆ, ಭುಜ ಹಿಡಿದು ಮೇಲೇರುತ್ತಾನೆ, ಹೋದವರು ಕೆಳಗೆ ಹೋಗುತ್ತಾರೆ. ಲೈಫ್‌ಗಾರ್ಡ್ ಕೈಯ ಕೆಂಪು ಟ್ಯೂಬ್ ಇರುವುದು ಈ ಕಾರಣಕ್ಕೆ. ಅದನ್ನು ಇಬ್ಬರ ನಡುವೆ ತೂರಿಸಿ, "ಇದನ್ನು ಹಿಡಿ" ಅಂತ ಕೊಡುತ್ತಾರೆ. ಅದು ಇಬ್ಬರನ್ನೂ ತೇಲಿಸುತ್ತದೆ, ಜೊತೆಗೆ ಇಬ್ಬರನ್ನೂ ದೂರ ಇಡುತ್ತದೆ. ಹಾಗೂ ಹಿಡಿದೇಬಿಟ್ಟರೆ ಲೈಫ್‌ಗಾರ್ಡ್ ನೀರಿನೊಳಗೆ ಮುಳುಗುತ್ತಾರೆ. ಮೇಲೆ ಉಳಿಯಲು ನೋಡುವ ಮನುಷ್ಯ ತಾನಾಗಿ ಕೈ ಬಿಡುತ್ತಾನೆ.

ಮನೆಯಲ್ಲಿ ಟ್ಯೂಬ್ ಇಲ್ಲದಿದ್ದರೆ ಏನಂತೆ? ತೋಟದಲ್ಲಿ ದೋಟಿ ಇದೆ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಇದೆ, ಬಾಳೆದಂಡು ಇದೆ, ಒಣಕಾಯಿ ಇದೆ. ಉಟ್ಟ ಲುಂಗಿ, ಶಾಲು, ಸೀರೆಯ ಸೆರಗು ಕೂಡ ಹಗ್ಗವಾಗುತ್ತದೆ. ಎಳೆಯುವಾಗ ನೀವು ಮಲಗಿಬಿಡಿ ಅಥವಾ ಒಂದು ಮರವನ್ನು ಹಿಡಿದುಕೊಳ್ಳಿ, ನಿಂತು ಬಗ್ಗಿದರೆ ನೀವೂ ಬೀಳುತ್ತೀರಿ.

ಕೇರಳದ ಬೀಚುಗಳಲ್ಲಿ ಮೀನುಗಾರರ ಮನೆಯಿಂದ ಬಂದ ಲೈಫ್‌ಗಾರ್ಡ್‌ಗಳು ಬಹಳ ಮಂದಿ. 2018ರ ನೆರೆಯಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೋಗಿ ಸಾವಿರಾರು ಜನರನ್ನು ಮನೆ ಮಾಡಿನಿಂದ ಇಳಿಸಿ ತಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಕಡಲನ್ನು ಬಲ್ಲವರು ಅವರು. ಆ ತಿಳಿವಳಿಕೆಯ ಮೇಲೆ ಪಾರು ಮಾಡುವ ತರಬೇತಿ, ಪ್ರಥಮ ಚಿಕಿತ್ಸೆ, ಒಳ್ಳೆಯ ಸಲಕರಣೆ ಮತ್ತು ಬದುಕಿಗೆ ಸಾಕಾಗುವ ಸಂಬಳ ಸೇರಬೇಕು. ಆಸ್ಟ್ರೇಲಿಯಾದಲ್ಲಿ ಬೀಚ್ ಕಾಯಲು ಬರುವವರು 400 ಮೀಟರನ್ನು 9 ನಿಮಿಷದೊಳಗೆ ಈಜಿ ತೋರಿಸಬೇಕು, ಆಮೇಲೆಯೇ ಉಳಿದ ಪಾಠ. ಅಲ್ಲಿನ ಬೋಂಡಿ ಬೀಚಿನಲ್ಲಿ 1938ರ ಫೆಬ್ರವರಿ 6ರಂದು ಸಾಲುಸಾಲು ದೊಡ್ಡ ತೆರೆ ಬಂದು ನೂರಾರು ಜನ ಒಟ್ಟಿಗೆ ಒಳಕಡಲಿಗೆ ಸೇರಿದರು. ಸುಮಾರು 250 ಮಂದಿಯನ್ನು ಎಳೆದು ತಂದರು, ಸತ್ತವರು 5 ಜನ. ಜೀವರಕ್ಷಕರ ದಂಡೇ ಅಲ್ಲಿ ಇದ್ದದ್ದರಿಂದ ಅಷ್ಟಕ್ಕೆ ನಿಂತಿತು.

ದಡಕ್ಕೆ ತಂದ ಮೇಲೆ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮುಳುಗಿದವರ ಹೊಟ್ಟೆ ಒತ್ತಬೇಡಿ. ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಬೆನ್ನ ಮೇಲೆ ಹಾಕಿ ತಿರುಗಿಸಬೇಡಿ. ನೀರು ಹೊರಗೆ ಬಂದರೆ ಜೀವ ಬರುತ್ತದೆ ಅನ್ನುವುದು ತಪ್ಪು. ಒತ್ತಿದಾಗ ಬರುವುದು ಹೊಟ್ಟೆಯ ನೀರು ಮತ್ತು ಊಟ, ಅದು ಮತ್ತೆ ಶ್ವಾಸಕೋಶಕ್ಕೆ ಇಳಿಯಬಹುದು. ಹೋಗುವ ಸಮಯವಂತೂ ಹೋಯಿತು. ಉಸಿರು ನಿಂತ ಮೇಲೆ ಮಿದುಳಿಗೆ ಪೆಟ್ಟಾಗಲು 4ರಿಂದ 6 ನಿಮಿಷ ಸಾಕು.

ಇನ್ನೊಂದು ನಂಬಿಕೆ ವಾಟ್ಸಾಪಿನಲ್ಲಿ ಬಂದದ್ದು. ಶವವನ್ನು ಉಪ್ಪಿನಲ್ಲಿ ಹೂತರೆ ಜೀವ ಮರಳುತ್ತದಂತೆ. ಕರ್ನಾಟಕದ ಹಳ್ಳಿಗಳಲ್ಲಿ ಹೆತ್ತವರು ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದ ಸುದ್ದಿಗಳನ್ನು ಓದಿದ್ದೇನೆ. ಆ ತಾಯಿ ತಂದೆಯರ ಬಗ್ಗೆ ನನಗೆ ಸಂಕಟ ಬಿಟ್ಟರೆ ಬೇರೇನೂ ಇಲ್ಲ. ಆ ಸುಳ್ಳನ್ನು ಮುಂದಕ್ಕೆ ಕಳಿಸಿದವರ ಮೇಲೆ ಸಿಟ್ಟು ಇದೆ. ಉಪ್ಪಿಗೆ ಅಂಥ ಯಾವ ಶಕ್ತಿಯೂ ಇಲ್ಲ.

ಮಾಡಬೇಕಾದ್ದು ಇದು. ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ. ಕರೆದು, ಭುಜ ತಟ್ಟಿ ನೋಡಿ. ಒಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ. ಉಸಿರಾಟ ಇಲ್ಲದಿದ್ದರೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ. ಹೃದಯಾಘಾತದವರಿಗೆ ಎದೆ ಒತ್ತುವುದು ಮೊದಲು. ಮುಳುಗಿದವರಿಗೆ ಉಸಿರು ಮೊದಲು, ಯಾಕೆಂದರೆ ಅವರಿಗೆ ಆದದ್ದೇ ಗಾಳಿ ಇಲ್ಲದ ತೊಂದರೆ. 2ರಿಂದ 5 ಸಲ ಉಸಿರು ಕೊಟ್ಟು, ಆಮೇಲೆ ಎದೆಯ ನಡುಭಾಗವನ್ನು 30 ಸಲ ಒತ್ತಿ, ಮತ್ತೆ 2 ಉಸಿರು. ದೊಡ್ಡವರಿಗೆ ಒತ್ತು 5 ಸೆಂಟಿಮೀಟರಿನಷ್ಟು ಆಳ ಇಳಿಯಬೇಕು, ನಿಮಿಷಕ್ಕೆ 100ರಿಂದ 120ರ ವೇಗ. ಸಹಾಯ ಬರುವ ತನಕ ನಿಲ್ಲಿಸಬೇಡಿ. ಉಸಿರು ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು, ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಗಂಟೆಗಳ ನಂತರವೂ ಉಸಿರಾಟ ಕೆಡಬಹುದು. ಓದಿ ಕಲಿಯುವ ವಿದ್ಯೆ ಅಲ್ಲ ಇದು. ಗೊಂಬೆಯ ಮೇಲೆ ಒಮ್ಮೆ ಒತ್ತಿ ನೋಡಿದರೆ ಕೈ ಮರೆಯುವುದಿಲ್ಲ.

ತಿಳಿನೀರಿನ ಈಜುಕೊಳ

ಈಜುಕೊಳದಲ್ಲಿ ಸೆಳೆತ ಇಲ್ಲ, ಅಳಿವೆ ಇಲ್ಲ, ಅಡಿ ಕಾಣುತ್ತದೆ. ಅದೇ ಅಲ್ಲಿನ ಮೋಸ. ನೀರಿನೊಳಗಿಂದ ಹೊರಗೆ ಬರುವ ಬೆಳಕು ಬಾಗುವುದರಿಂದ ಆಳ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಹೆಚ್ಚುಕಡಿಮೆ ಮುಕ್ಕಾಲು ಭಾಗ. 6 ಅಡಿಯ ನೀರು ಮೇಲಿಂದ ನಾಲ್ಕೂವರೆ ಅಡಿ ಅನ್ನಿಸುತ್ತದೆ. ಐದೂವರೆ ಅಡಿ ಎತ್ತರದವರು "ಇದು ನನಗೆ ಎದೆ ತನಕ" ಅಂತ ಧೈರ್ಯದಿಂದ ಇಳಿಯುತ್ತಾರೆ.

2024ರ ನವೆಂಬರ್‌ನಲ್ಲಿ ತಲಪಾಡಿ ಗಡಿಯಿಂದ ತುಸು ಆಚೆ, ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನಿಂದ ಬಂದ ಮೂವರು ಯುವತಿಯರು ಮುಳುಗಿಹೋದರು. ಒಬ್ಬರು ಆಳಕ್ಕೆ ಜಾರಿದರು, ಅವರನ್ನು ಹಿಡಿಯಲು ಉಳಿದವರು ಹೋದರು. ಅಲ್ಲಿ ಲೈಫ್‌ಗಾರ್ಡ್ ಇರಲಿಲ್ಲ ಅಂತ ಆಗಿನ ವರದಿಗಳು ಹೇಳಿದವು. ಅದಾಗಿ ಒಂದು ತಿಂಗಳಾಗುವ ಮೊದಲೇ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಹುಡುಗಿಯರು ತೀರಿಕೊಂಡರು. ಕಡಲನ್ನು ಮೊದಲ ಸಲ ನೋಡುವ ಮಕ್ಕಳ ಸಂತೋಷ ಹೇಗಿರುತ್ತದೆ ಅಂತ ಕರಾವಳಿಯ ನಮಗೆ ಗೊತ್ತು. ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ.

ರೆಸಾರ್ಟ್, ಹೋಮ್‌ಸ್ಟೇಗೆ ಹೋದಾಗ ಊಟದ ಮೆನು ಕೇಳುವ ಮೊದಲು ಈಜುಕೊಳದ ಬಗ್ಗೆ ಕೇಳಿ. ಆಳ ಎಷ್ಟು ಅಂತ ಅಂಚಿನಲ್ಲಿ ಬರೆದಿದೆಯೇ? ನೋಡುವವರು ಯಾರು? ಈಜು ಕಲಿಸುವ ಕೋಚ್ ಇದ್ದಾರೆ ಅಂದರೆ ಅದು ಉತ್ತರವಾಗುವುದಿಲ್ಲ. ಕೋಚ್ ಕಣ್ಣು ತನ್ನ ಶಿಷ್ಯನ ಕೈಕಾಲಿನ ಮೇಲೆ ಇರುತ್ತದೆ, ಮೂಲೆಯಲ್ಲಿರುವ ನಿಮ್ಮ ಮಗುವಿನ ಮೇಲೆ ಅಲ್ಲ. ಇನ್ನು ಚೆನ್ನಾಗಿ ಈಜುವ ಹುಡುಗರಿಗೆ ಒಂದು ಮಾತು: ಜೋರಾಗಿ ಹತ್ತು ಹದಿನೈದು ಸಲ ಉಸಿರೆಳೆದು, ನೀರೊಳಗೆ ಎಷ್ಟು ಹೊತ್ತು ಇರುತ್ತೇನೆ ಅಂತ ಪಂಥ ಕಟ್ಟಬೇಡಿ. ಉಸಿರಾಡು ಅಂತ ಶರೀರಕ್ಕೆ ನೆನಪಿಸುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಜೋರು ಉಸಿರಾಟದಿಂದ ಅದು ಮೊದಲೇ ಖಾಲಿಯಾಗಿರುತ್ತದೆ. ಆಮ್ಲಜನಕ ಮುಗಿದರೂ ಎಚ್ಚರಿಕೆ ಬರುವುದಿಲ್ಲ, ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಮೇಲೆ ನಿಂತವರು ಇನ್ನೂ ಸೆಕೆಂಡು ಎಣಿಸುತ್ತಿರುತ್ತಾರೆ.

ಯಾರೂ ಇಲ್ಲದ ನೀರು

ಬೇಕಲದಂಥ ದೊಡ್ಡ ಬೀಚಿನಲ್ಲಿ ಲೈಫ್‌ಗಾರ್ಡ್ ಸಿಗುತ್ತಾರೆ. ಮಂಜೇಶ್ವರದಿಂದ ಕುಂಬಳೆಯ ತನಕದ ಉದ್ದದ ದಡದಲ್ಲಿ ಎಲ್ಲ ಕಡೆ ಅವರನ್ನು ನಿಲ್ಲಿಸಲು ಆಗುವುದಿಲ್ಲ. ಕೆರೆ, ಮದಕ, ಹೊಳೆಯ ಗುಂಡಿ, ಬೇಸಿಗೆಯಲ್ಲಿ ತೋಟಕ್ಕೆ ನೀರು ನಿಲ್ಲಿಸುವ ಕಟ್ಟ, ದೇವಸ್ಥಾನದ ಪುಷ್ಕರಣಿ, ಕಲ್ಲು ಕಡಿದು ಬಿಟ್ಟ ಕೆಂಪುಕಲ್ಲಿನ ಕೋರೆಯಲ್ಲಿ ಮಳೆಗಾಲದಲ್ಲಿ ತುಂಬುವ ನೀರು, ಇಲ್ಲೆಲ್ಲ ಯಾರೂ ಇರುವುದಿಲ್ಲ. ಅಲ್ಲಿ ಮನೆಯವರಲ್ಲೇ ಒಬ್ಬರು ಆ ಕೆಲಸ ಹೊರಬೇಕು. "ಎಲ್ಲರೂ ಇದ್ದೇವಲ್ಲ" ಅಂದರೆ ಯಾರೂ ಇಲ್ಲ ಅಂತ ಅರ್ಥ. ನಮ್ಮ ಪೂಜೆಯ ದಿನ ಮನೆಯಲ್ಲಿ ಅರುವತ್ತು ಜನ ಇದ್ದರು. ಒಬ್ಬರ ಹೆಸರು ಹೇಳಿ, ಅವರ ಫೋನ್ ತೆಗೆದಿಡಿ, ಅರ್ಧ ಗಂಟೆ ಅವರು ನೀರನ್ನು ಬಿಟ್ಟು ಬೇರೇನೂ ನೋಡಬಾರದು. ಆಮೇಲೆ ಇನ್ನೊಬ್ಬರ ಸರದಿ.

ಪಂಚಾಯತಿನವರಿಗೂ ಪ್ರವಾಸೋದ್ಯಮದವರಿಗೂ ಒಂದು ಕೋರಿಕೆ ಇದೆ. ಅಪಾಯದ ಫಲಕಗಳಲ್ಲಿ ಮಲಯಾಳದ ಜೊತೆ ಕನ್ನಡವನ್ನೂ ಬರೆಸಿ. ಕೇರಳದ 1969ರ ಭಾಷಾ ಕಾನೂನೇ ಕನ್ನಡಿಗರಿಗೆ ಸ್ಥಾನ ಕೊಟ್ಟಿತ್ತು. ಅದನ್ನು ಬದಿಗಿಟ್ಟರೂ, ಸುಳ್ಯ, ಪುತ್ತೂರು, ಮಡಿಕೇರಿ, ಮೈಸೂರಿನಿಂದ ಬಸ್ಸು ತುಂಬ ಜನ ಇಲ್ಲಿಗೆ ಬರುತ್ತಾರೆ. ಅವರು ಓದಲಾರದ ಫಲಕ ಅವರನ್ನು ತಡೆಯುವುದಿಲ್ಲ. ಕಡಲಿನಲ್ಲಿ ಯಾರಾದರೂ ಕಾಣೆಯಾದರೆ ಕೋಸ್ಟ್ ಗಾರ್ಡ್‌ನ 1554 ನಂಬರ್ ಇದೆ ಅನ್ನುವುದನ್ನೂ ಅದೇ ಫಲಕದಲ್ಲಿ ದೊಡ್ಡದಾಗಿ ಬರೆಯಬಹುದು.

ಅಜ್ಜನ ಮನೆಯ ಕೆರೆಗೆ ಈಗ ಮೂರು ಬದಿ ಬೇಲಿ ಇದೆ. ಮೆಟ್ಟಿಲಿನ ಪಕ್ಕದ ಹಲಸಿನ ಮರಕ್ಕೆ ಒಂದು ಹಳೆಯ ದೋಟಿಯನ್ನು ಕತ್ತಿ ತೆಗೆದು ಒರಗಿಸಿ ಇಟ್ಟಿದ್ದಾರೆ. ಅದರ ಬುಡದಲ್ಲಿ ಹತ್ತು ಲೀಟರಿನ ಖಾಲಿ ಕ್ಯಾನ್, ಕ್ಯಾನಿಗೆ ಕಟ್ಟಿದ ನೈಲಾನ್ ಹಗ್ಗ. ತೋಟದ ಕೆಲಸಕ್ಕೆ ಆ ದೋಟಿಯನ್ನು ಯಾರೂ ಮುಟ್ಟಬಾರದು ಅಂತ ಮಾವ ಹೇಳಿದ್ದಾರೆ. ಕಳೆದ ಮೇ ರಜೆಯಲ್ಲಿ ಹೋದಾಗ ಚಿಕ್ಕಮ್ಮನ ಮಗ ಕೆರೆಯ ಕಟ್ಟೆಯ ಮೇಲೆ ಕೂತಿದ್ದ. ಅವನ ಆರು ವರ್ಷದ ಮಗಳು ಎರಡು ಒಣಕಾಯಿಯ ಮೇಲೆ ಎದೆ ಇಟ್ಟು ಕಾಲು ಬಡಿಯುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಮಾತಾಡಿಸಿದೆ. ಅವನು ತಿರುಗಲಿಲ್ಲ. "ಕೂತ್ಕೋ ಅಕ್ಕ" ಅಂದ, ನೀರನ್ನು ನೋಡುತ್ತಲೇ.